ಅವಳಿ ಕರುವಿನ ಚರಿತ್ರೆ



ನಮ್ಮ ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ನಿರ್ದೇಶಕರು ಒಬ್ಬೊಬ್ಬರೂ ಒಂದೊಂದು ಲೇಖನ ಕೊಡಬೇಕೆಂದು ಮಂಡಳಿ ಸಭೆಯಲ್ಲಿ ಠರಾವಾಯಿತು. ಸಂಘ ಹುಟ್ಟಿದ್ದು ಹೇಗೆ, ಕಟ್ಟಡಕ್ಕೆ ಜಾಗ ಸಿಕ್ಕಿದ್ದು ಹೇಗೆ, ಕ್ಯಾನು ಹೋಗಿ ಹಾಲು ತಂಪು ಮಾಡುವ ಟ್ಯಾಂಕು ಬಂದದ್ದು ಹೇಗೆ ಎಂಬುದನ್ನೆಲ್ಲ ಹಿರಿಯರು ಬರೆದಿದ್ದಾರೆ. ಅವರು ಬರೆದ ಮೇಲೆ ನಮಗೆ ಉಳಿದದ್ದು ಕೊಟ್ಟಿಗೆಯ ವಿಷಯ. ನಾವು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಆದ್ದರಿಂದ ಪಶುವೈದ್ಯರನ್ನು ಕೇಳಿ, ತರಬೇತಿ ಶಿಬಿರಗಳಲ್ಲಿ ಬರೆದುಕೊಂಡ ನೋಟ್ ಪುಸ್ತಕ ನೋಡಿ ಇದನ್ನು ಬರೆದಿದ್ದೇವೆ. ತಪ್ಪು ಕಂಡರೆ ಡೇರಿ ಹತ್ತಿರ ಸಿಕ್ಕಾಗ ಹೇಳಿ, ತಿದ್ದಿಕೊಳ್ಳುತ್ತೇವೆ.

ಹಾಲು ಹಾಕಲು ಸಾಲಿನಲ್ಲಿ ನಿಂತಾಗ ಆಗಾಗ ಒಂದು ಸುದ್ದಿ ಬರುತ್ತದೆ: "ಇಂಥವರ ಮನೆ ಹಸು ಜೋಡಿ ಕರು ಹಾಕ್ತಂತೆ." ತಕ್ಷಣ ಎರಡು ಮಾತು ಹುಟ್ಟಿಕೊಳ್ಳುತ್ತವೆ. ಒಂದು, ಅವಳಿ ಹಾಕಿದ ಹಸು ಆ ಸೂಲಿನಲ್ಲಿ ಕೊಡ ಕೊಡ ಹಾಲು ಕೊಡ್ತದೆ. ಇನ್ನೊಂದು, ಒಂದು ಹೋರಿ ಒಂದು ಹೆಣ್ಣಾದರೆ ಹೆಣ್ಣನ್ನು ಬಿಡಬೇಡಿ, ಅದೂ ತಾಯಿ ಥರಾನೇ ಕರೀತದೆ. ಮೊದಲನೇ ಮಾತು ತಲೆಕೆಳಗಾದ ಮಾತು. ಎರಡನೇ ಮಾತು ನಂಬಿ ನಮ್ಮ ಮನೆಯವರೇ ಒಬ್ಬ ಹೆಣ್ಣುಮಗಳಿಗೆ ಅನ್ಯಾಯ ಮಾಡಿದ್ದೆವು. ಅದನ್ನು ಮೊದಲು ಹೇಳಿಬಿಟ್ಟರೆ ಮುಂದಿನ ಚರಿತ್ರೆ ಯಾಕೆ ಬೇಕು ಅನ್ನೋದು ತಿಳಿಯುತ್ತದೆ.

2003ರ ಶಿವರಾತ್ರಿಯ ಹಿಂದುಮುಂದು. ನಮ್ಮ ಮನೆಯಲ್ಲಿ ಚುಕ್ಕಿ ಅಂತ ಒಂದು ಸೀಮೆ ಹಸು ಇತ್ತು. ಕಪ್ಪು ಬಿಳುಪು ಮಿಶ್ರತಳಿ, ನಾಲ್ಕನೇ ಸೂಲು. ಮೂರನೇ ಸೂಲಿನಲ್ಲಿ ಎರಡು ಹೊತ್ತಿಗೆ ಹದಿನೆಂಟು ಲೀಟರ್ ಕರೆದಿತ್ತು. ಆ ಕಾಲಕ್ಕೆ ನಮ್ಮ ಊರಿಗೆ ಅದು ದೊಡ್ಡ ಹಾಲು. ಲೆಕ್ಕದ ದಿನಕ್ಕೆ ಒಂದು ವಾರ ಮುಂಚೆಯೇ ರಾತ್ರಿ ನೋವು ಕಾಣಿಸಿಕೊಂಡಿತು. ಮೊದಲು ಹೋರಿಗರು ಬಂತು. ಅವ್ವ ಅದರ ಮೂಗು ಬಾಯಿ ಒರೆಸಿ ತಾಯಿ ಮುಂದಕ್ಕೆ ಎಳೆದು ಹಾಕಿ, ಕಸ ಬೀಳಲಿ ಅಂತ ಕಾಯ್ತಾ ಕೂತಿದ್ದರೆ ಇನ್ನೊಂದು ಜೊತೆ ಕಾಲು ಕಾಣಿಸಿತು. ಅದು ಹೆಣ್ಣು. ಬ್ಯಾಟರಿ ಹಿಡಿದು ನಿಂತಿದ್ದ ಅಪ್ಪ, "ನಮ್ಮನೆಗೆ ಭಾಗ್ಯ ಬಂತು ಕಣೇ" ಅಂದರು. ಹೆಣ್ಣುಗರುವಿಗೆ ಭಾಗ್ಯ ಅಂತಲೇ ಹೆಸರಾಯಿತು. ಬೆಳಗ್ಗೆ ಊರೇ ನೋಡಲು ಬಂತು. ಬಂದವರ ಮನೆಗೆಲ್ಲ ಗಿಣ್ಣು ಹಾಲು ಕಳಿಸಿದೆವು. ಎರಡು ಕರುವಿಗೇ ಸಾಲದೆ ಇದ್ದ ಗಿಣ್ಣನ್ನು ಬೀದಿಗೆ ಹಂಚಿದ ಬುದ್ಧಿವಂತರು ನಾವು.

ಚುಕ್ಕಿಗೆ ಕಸ ಬೀಳಲಿಲ್ಲ. ಡಾಕ್ಟರು ಮೂರು ದಿನ ಬಂದು ಔಷಧಿ ಹಾಕಿದರು. ಮೇವು ಬಿಟ್ಟಿತು, ಹಾಲು ಇಳಿಯಿತು, ಮತ್ತೆ ಏರುವ ಹೊತ್ತಿಗೆ ಎರಡು ತಿಂಗಳು. ಸರಿಯಾಗಿ ಬೆದೆಗೆ ಬಂದು ಗಬ್ಬ ನಿಲ್ಲಲು ಏಳೆಂಟು ತಿಂಗಳಾಯಿತು. ಅಷ್ಟಾದರೂ ಊರಿನವರು "ಅವಳಿ ಹಾಕಿದ ಹಸು, ಹಾಲಿಗೇನು ಕಮ್ಮಿ" ಅನ್ನೋದು ಬಿಡಲಿಲ್ಲ. ನಾವೂ ಬಿಡಲಿಲ್ಲ ಅನ್ನಿ.

ಭಾಗ್ಯ ಚೆನ್ನಾಗಿ ಬೆಳೆಯಿತು. ಓರಗೆಯ ಕಡಸುಗಳಿಗಿಂತ ಒಂದು ಕೈ ಜಾಸ್ತಿಯೇ. ಮೈ ತುಂಬಿ ಮಿಂಚುತ್ತಿತ್ತು. ಹದಿನೆಂಟು ತಿಂಗಳಾದರೂ ಬೆದೆಯ ಸುಳಿವಿರಲಿಲ್ಲ. ಆದರೆ ಕೆಲವು ಕಡಸು ನಿಧಾನ ಇರ್ತವೆ ಅಂತ ಸುಮ್ಮನಿದ್ದೆವು. 2004ರಲ್ಲಿ ಬೋರ್‌ವೆಲ್ ನಿಂತಿತು, ಕೈ ಕಟ್ಟಿತು. ದೀಪಾವಳಿ ಹೊತ್ತಿಗೆ ಅಪ್ಪ ಭಾಗ್ಯಳನ್ನು ಮಾರಿದರು. ಕೊಂಡುಕೊಂಡವರು ಪಕ್ಕದ ಊರಿನ ಒಬ್ಬ ವಿಧವೆ. ಹೆಸರು ಬೇಡ, ನಾವು ಅಕ್ಕ ಅಂತ ಕರೀತೇವೆ. ಹೆಣ್ಣುಮಕ್ಕಳ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ಒಂಬತ್ತು ಸಾವಿರ ಎಣಿಸಿ ಕೊಟ್ಟು ಹೊಡೆದುಕೊಂಡು ಹೋದರು. ಒಂದು ಕರು ಹಾಕಿದರೆ ಸಾಲ ತೀರಿಸಿ ಮಗಳನ್ನು ಹೈಸ್ಕೂಲಿಗೆ ಕಳಿಸ್ತೀನಿ ಅಂದಿದ್ದರು.

ಒಂದು ವರ್ಷ ಕಳೆದು ಅವರು ನಮ್ಮ ಅಂಗಳಕ್ಕೆ ಬಂದು ನಿಂತರು. "ಯಜಮಾನ್ರೇ, ನೀವು ಕೊಟ್ಟ ಕಡಸು ಒಂದು ದಿನಾನೂ ಬೆದೆಗೆ ಬರಲಿಲ್ಲ. ಕಂತು ಕೂಲಿ ಮಾಡಿ ಕಟ್ತಾ ಇದೀನಿ" ಅಂದರು. ಅಪ್ಪ, "ಮೇವು ಕಮ್ಮಿ ಮಾಡಿದೀಯವ್ವಾ, ಹಿಂಡಿ ಹಾಕು, ಖನಿಜದ ಪುಡಿ ಹಾಕು" ಅಂದರು. ನಾವು ಪಕ್ಕದಲ್ಲಿ ನಿಂತು ತಲೆ ಆಡಿಸಿದೆವು. ಅವ್ವ ಕೊಟ್ಟ ನೀರು ಕುಡಿದು ಅವರು ಮಾತಾಡದೆ ಹೊರಟುಹೋದರು.

2006ರ ಬೇಸಿಗೆಯಲ್ಲಿ ಹಾಲು ಉತ್ಪಾದಕರ ತರಬೇತಿ ಶಿಬಿರಕ್ಕೆ ಸಂಘದಿಂದ ನಮ್ಮನ್ನು ಕಳಿಸಿದ್ದರು. ಅಲ್ಲಿ ಒಬ್ಬ ಡಾಕ್ಟರು ಬಂಜೆತನದ ವಿಷಯ ಹೇಳುವಾಗ ಮಧ್ಯದಲ್ಲಿ ಒಂದು ಮಾತು ಹೇಳಿ ಮುಂದಕ್ಕೆ ಹೋದರು: "ಹೋರಿ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರುವನ್ನು ಹಾಲಿಗೆ ಅಂತ ಸಾಕಬೇಡಿ, ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಗೊಡ್ಡು." ನಮಗೆ ಎದೆ ಧಸಕ್ ಅಂತು. ಊಟದ ಹೊತ್ತಿಗೆ ಅವರನ್ನು ಹಿಡಿದು ಎಲ್ಲ ಹೇಳಿದೆವು. ಪುಣ್ಯಾತ್ಮರು ಮರುವಾರ ಅಕ್ಕನ ಮನೆಗೇ ಬಂದು ಪರೀಕ್ಷೆ ಮಾಡಿದರು. ಗರ್ಭಕೋಶ ಬೆಳೆದೇ ಇರಲಿಲ್ಲ. ಅಪ್ಪನಿಗೆ ಹೇಳಿದಾಗ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಆ ವರ್ಷ ದಸರಾ ಹೊತ್ತಿಗೆ ಚುಕ್ಕಿ ಒಂದೇ ಹೆಣ್ಣುಗರು ಹಾಕಿತು. ಕರು ಹುಲ್ಲು ಕಚ್ಚುವಷ್ಟಾದ ಮೇಲೆ ಅಪ್ಪ ಒಂದು ದಿನ ಬೆಳಗ್ಗೆ ಅದಕ್ಕೆ ಹೊಸ ಹಗ್ಗ ಹಾಕಿ ಅಕ್ಕನ ಮನೆಗೆ ಹೊಡೆದುಕೊಂಡು ಹೋಗಿ ಕಟ್ಟಿ, ಭಾಗ್ಯಳನ್ನು ವಾಪಸ್ ತಂದರು. ಭಾಗ್ಯ ಬಹಳ ವರ್ಷ ನಮ್ಮ ಕೊಟ್ಟಿಗೆಯಲ್ಲೇ ಗೊಬ್ಬರ ಹಾಕಿಕೊಂಡು ಇತ್ತು.

ಆ ಡಾಕ್ಟರು ಶಿಬಿರದಲ್ಲಿ ಹೇಳಿದ ಮಾತು ಹೊಸದೇನಲ್ಲ. ಆ ಹೊತ್ತಿಗೆ ಅದು ಅಚ್ಚಾಗಿ 227 ವರ್ಷವಾಗಿತ್ತು.

ಇಂಗ್ಲೆಂಡಿನ ಲಂಡನ್ ಪಟ್ಟಣದಲ್ಲಿ ಜಾನ್ ಹಂಟರ್ ಎಂಬ ಶಸ್ತ್ರವೈದ್ಯರಿದ್ದರು. ಮನುಷ್ಯರ ಡಾಕ್ಟರಾದರೂ ಸಿಕ್ಕ ಪ್ರಾಣಿಯನ್ನೆಲ್ಲ ಕೊಯ್ದು ನೋಡುವ ಹುಚ್ಚು ಅವರಿಗೆ. ಅಲ್ಲಿನ ದನಗಾರರು ಹೋರಿಯ ಜೊತೆ ಹುಟ್ಟಿದ ಹೆಣ್ಣುಗರುವಿಗೆ 'ಫ್ರೀಮಾರ್ಟಿನ್' ಅನ್ನುತ್ತಿದ್ದರು. ಅದು ಗಬ್ಬ ಕಟ್ಟುವುದಿಲ್ಲ ಎಂಬುದು ಅವರಿಗೆಲ್ಲ ಗೊತ್ತಿದ್ದ ವಿಷಯ. ಅದನ್ನು ಅವರು ಎತ್ತುಗಳ ಜೊತೆ ನೊಗಕ್ಕೆ ಕಟ್ಟುತ್ತಿದ್ದರು, ಇಲ್ಲವೆ ಕೊಬ್ಬಿಸಿ ಮಾಂಸಕ್ಕೆ ಕೊಡುತ್ತಿದ್ದರು. ಹಂಟರ್ ಅಂಥ ಹಸುಗಳನ್ನು ಕೊಯ್ದು ನೋಡಿ, ಹೊರಗೆ ಹೆಣ್ಣಿನ ಹಾಗೆ ಕಂಡರೂ ಒಳಗಿನ ಅಂಗ ಪೂರ್ತಿ ಹೆಣ್ಣೂ ಅಲ್ಲ ಪೂರ್ತಿ ಗಂಡೂ ಅಲ್ಲ ಎಂದು 1779ರಲ್ಲಿ ಅಲ್ಲಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಇಲ್ಲಿ ಒಂದು ಮಾತು ನಮಗೆ ಹಿಡಿಸಿತು. ಈ ವಿದ್ಯೆ ಮೊದಲು ಇದ್ದದ್ದು ದನ ಕಾಯುವವರ ಹತ್ತಿರ. ಡಾಕ್ಟರು ಅವರಿಂದ ಕೇಳಿ ಬರೆದದ್ದು.

ಹಾಗಾದರೆ ನಮ್ಮ ಹಿರಿಯರಿಗೆ ಯಾಕೆ ಗೊತ್ತಿರಲಿಲ್ಲ ಅನ್ನೋ ಪ್ರಶ್ನೆ ಬರುತ್ತದೆ. ನಮ್ಮ ನಾಟಿ ಹಸು ಅವಳಿ ಹಾಕುವುದು ಬಹಳ ಅಪರೂಪ. ನೂರು ಹೆರಿಗೆಯಲ್ಲಿ ಒಂದೂ ಇರುವುದಿಲ್ಲ. ಹಳ್ಳಿಕಾರ್, ಅಮೃತಮಹಲ್ ತಳಿಗಳೆಲ್ಲ ಗಾಡಿಗೂ ನೇಗಿಲಿಗೂ ಹೆಸರಾದವು, ಹಾಲಿಗಲ್ಲ. ಒಬ್ಬ ರೈತ ತನ್ನ ಜೀವಮಾನದಲ್ಲಿ ಒಂದು ಅವಳಿ ನೋಡಿದರೆ ಹೆಚ್ಚು. ಒಂದು ಸಲ ಕಂಡದ್ದರಿಂದ ಪಾಠ ಕಲಿಯೋದು ಹೇಗೆ? ಶುಭ ಅಂತ ಕೆಲವರು, ಅಶುಭ ಅಂತ ಕೆಲವರು ಹೇಳಿಕೊಂಡು ಬಂದರು, ಅಷ್ಟೆ. ನಮ್ಮಜ್ಜ ಅವಳಿ ಕರು ನೋಡಿಯೇ ಇರಲಿಲ್ಲವಂತೆ.

ಕಾರಣ ಗೊತ್ತಾಗಲು ಹಂಟರ್ ಬರೆದ ಮೇಲೂ ನೂರಮೂವತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಅಮೆರಿಕದ ಶಿಕಾಗೊದಲ್ಲಿ ಆ ಕಾಲಕ್ಕೆ ಬಹಳ ದೊಡ್ಡ ಕಸಾಯಿಖಾನೆಗಳಿದ್ದವು. ಅಲ್ಲಿನ ವಿಶ್ವವಿದ್ಯಾಲಯದ ಫ್ರಾಂಕ್ ಲಿಲ್ಲಿ ಎಂಬ ಪ್ರಾಧ್ಯಾಪಕರು ಕಸಾಯಿಖಾನೆಯಿಂದ ಅವಳಿ ಇದ್ದ ಗರ್ಭಗಳನ್ನು ತರಿಸಿ ಒಂದೊಂದಾಗಿ ಬಿಡಿಸಿ ನೋಡಿದರು. ಹಸುವಿನ ಹೊಟ್ಟೆಯಲ್ಲಿ ಎರಡು ಕರುಗಳ ಮಾಸಿನ ಚೀಲ ಒಂದಕ್ಕೊಂದು ಅಂಟಿ, ಎರಡರ ರಕ್ತನಾಳವೂ ಕೂಡಿಕೊಂಡಿರುವುದು ಅವರಿಗೆ ಕಂಡಿತು. ನಾಳ ಕೂಡದೇ ಉಳಿದ ಅಪರೂಪದ ಕಡೆ ಹೆಣ್ಣು ಸರಿಯಾಗಿಯೇ ಇತ್ತು. ಅಲ್ಲಿಗೆ ಗುಟ್ಟು ಹೊರಬಿತ್ತು. ಹೊಟ್ಟೆಯೊಳಗೆ ಗಂಡುಗರುವಿನ ವೃಷಣ ಮೊದಲು ಬೆಳೆಯುತ್ತದೆ. ಅದರಿಂದ ಹೊರಟ ಹಾರ್ಮೋನು ರಕ್ತದ ಜೊತೆ ಅಕ್ಕನ ಅಥವಾ ತಂಗಿಯ ಮೈಗೂ ಹರಿದು, ಅದರ ಗರ್ಭಕೋಶ, ಅಂಡಾಶಯ ಬೆಳೆಯದಂತೆ ತಡೆಯುತ್ತದೆ. ಲಿಲ್ಲಿ ಇದನ್ನು 1916 ಮತ್ತು 1917ರಲ್ಲಿ ಪ್ರಕಟಿಸಿದರು. ಅದೇ ಸುಮಾರಿಗೆ ಆಸ್ಟ್ರಿಯಾ ದೇಶದ ವಿಯೆನ್ನಾದಲ್ಲಿ ಕೆಲ್ಲರ್ ಮತ್ತು ಟ್ಯಾಂಡ್ಲರ್ ಎಂಬಿಬ್ಬರು ತಾವಾಗಿಯೇ ಇದೇ ತೀರ್ಮಾನಕ್ಕೆ ಬಂದಿದ್ದರು.

ಮೇಕೆ ಕುರಿ ಸಾಕುವವರು ಇಲ್ಲಿ ತಕರಾರು ತೆಗೆಯಬಹುದು. "ನಮ್ಮ ಮೇಕೆ ಸಲಸಲಕ್ಕೂ ಎರಡು ಹಾಕ್ತದೆ, ಹೆಣ್ಣುಮರಿ ಗೊಡ್ಡಾಗಲ್ಲವಲ್ಲ?" ಸರಿಯಾದ ಪ್ರಶ್ನೆ. ಮೇಕೆ ಕುರಿಗಳಲ್ಲಿ ಮರಿಗಳ ರಕ್ತನಾಳ ಸಾಮಾನ್ಯವಾಗಿ ಹೀಗೆ ಕೂಡುವುದಿಲ್ಲ. ಮನುಷ್ಯರಲ್ಲಿಯೂ ಗಂಡು ಹೆಣ್ಣು ಅವಳಿ ಹುಟ್ಟಿದರೆ ಹೆಣ್ಣುಮಗುವಿಗೆ ಈ ತೊಂದರೆ ಇಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾವು ದನದ ವಿಷಯ ಹೇಳಿದ ಮೇಲೆ ಒಬ್ಬರು ತಮ್ಮ ಮೊಮ್ಮಗಳ ವಿಷಯ ಹೆದರಿಕೊಂಡು ಕೇಳಲು ಮನೆಗೇ ಬಂದಿದ್ದರು. ದನದ ಲೆಕ್ಕ ದನಕ್ಕೆ ಮಾತ್ರ.

ಈ ರಕ್ತ ಕೂಡುವ ಸಂಗತಿ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನೋದು ಒಂದು ಸ್ವಾರಸ್ಯ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ದನಗಳ ರಕ್ತದ ಗುಂಪು ಪರೀಕ್ಷೆ ಮಾಡುವ ರೇ ಓವೆನ್ ಎಂಬುವರಿಗೆ ಮೇರಿಲ್ಯಾಂಡ್ ಕಡೆಯ ಒಬ್ಬ ದನಗಾರರಿಂದ ಒಂದು ಕೇಸು ಬಂತು. ಅವರ ಗರ್ನಸಿ ಹಸುವಿಗೆ ಗರ್ನಸಿ ಹೋರಿಯನ್ನು ಹಾರಿಸಿದ್ದಾರೆ. ಅದೇ ದಿನ ಹೆರ್‌ಫರ್ಡ್ ಹೋರಿಯೊಂದೂ ಹಾರಿದೆ. ಹುಟ್ಟಿದ್ದು ಅವಳಿ, ಒಂದು ಒಂದಪ್ಪನ ಬಣ್ಣ, ಇನ್ನೊಂದು ಇನ್ನೊಂದಪ್ಪನ ಬಣ್ಣ! ಅಪ್ಪಂದಿರು ಬೇರೆ ಬೇರೆಯಾದರೂ ಎರಡು ಕರುವಿನ ಮೈಯಲ್ಲೂ ಎರಡೂ ಥರದ ರಕ್ತ ಬೆರೆತು ಹರಿಯುತ್ತಿತ್ತು. ಹೊಟ್ಟೆಯಲ್ಲಿದ್ದಾಗ ಬಂದು ಸೇರಿದ ಪರರ ರಕ್ತವನ್ನು ಕರುವಿನ ಮೈ ತನ್ನದೆಂದೇ ಇಟ್ಟುಕೊಂಡಿದೆ ಎಂದು ಓವೆನ್ 1945ರಲ್ಲಿ ಬರೆದರು. ಇಂಗ್ಲೆಂಡಿನ ಪೀಟರ್ ಮೆಡಾವರ್ ಮತ್ತು ಅವರ ಜೊತೆಯವರು ಅವಳಿ ಕರುಗಳಲ್ಲಿ ಒಂದರ ಚರ್ಮ ತೆಗೆದು ಇನ್ನೊಂದಕ್ಕೆ ಕಸಿ ಮಾಡಿ ನೋಡಿದರು. ಬೇರೆ ದನದ ಚರ್ಮವಾದರೆ ಉದುರಿಬೀಳುತ್ತದೆ. ಅವಳಿಯದು ಅಂಟಿಕೊಂಡಿತು, ಗಂಡು ಹೆಣ್ಣಿನ ಅವಳಿಯಲ್ಲೂ ಅಂಟಿಕೊಂಡಿತು. ಅಲ್ಲಿಂದ ಮುಂದೆ ಇಲಿಗಳ ಮೇಲೆ ಪ್ರಯೋಗ ಮಾಡಿ 1953ರಲ್ಲಿ ಪ್ರಕಟಿಸಿದರು, 1960ರಲ್ಲಿ ಮೆಡಾವರ್ ಅವರಿಗೆ ಆಸ್ಟ್ರೇಲಿಯಾದ ಬರ್ನೆಟ್ ಅವರ ಜೊತೆ ನೊಬೆಲ್ ಬಹುಮಾನ ಬಂತು. ಈವತ್ತು ಒಬ್ಬರ ಕಿಡ್ನಿ ಇನ್ನೊಬ್ಬರಿಗೆ ಹಾಕುವ ವಿದ್ಯೆಯ ಬುಡದಲ್ಲಿ ಅವಳಿ ಕರುಗಳ ಋಣವೂ ಇದೆ. ನಮ್ಮ ಭಾಗ್ಯಳ ಜಾತಿಯವರೇ ಅವರೆಲ್ಲ.

ಒಂದೇ ಅಂಡಾಣು ಎರಡಾಗಿ ಹುಟ್ಟುವ ಅವಳಿ ಬೇರೆ. ಅವು ಅಚ್ಚು ಹೊಡೆದಂತೆ ಒಂದೇ ಥರ, ಎರಡೂ ಹೆಣ್ಣು ಇಲ್ಲವೆ ಎರಡೂ ಗಂಡು. ದನದಲ್ಲಿ ಅಂಥವು ಕಡಿಮೆ. ನ್ಯೂಜಿಲೆಂಡ್ ದೇಶದ ರುವಾಕುರಾ ಸಂಶೋಧನಾ ಕೇಂದ್ರದಲ್ಲಿ 1940ರ ದಶಕದ ಕೊನೆಯಿಂದ ಜಾನ್ ಹ್ಯಾಂಕಾಕ್ ಎಂಬುವರು ಇಂಥ ಜೋಡಿಗಳನ್ನು ರೈತರಿಂದ ಕೂಡಿಸಿ ಸಾಕಿದರು. ಹುಟ್ಟುಗುಣ ಒಂದೇ ಇರುವ ಎರಡು ಹಸುಗಳಲ್ಲಿ ಒಂದಕ್ಕೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ ಮೇಯಿಸಿದರೆ ಹಾಲಿನಲ್ಲಿ ಬರುವ ವ್ಯತ್ಯಾಸ ಮೇವಿನದೇ ಎಂದು ಗಟ್ಟಿಯಾಗಿ ಹೇಳಬಹುದಲ್ಲವೆ? ಹಾಲಿನ ಲೆಕ್ಕಕ್ಕೆ ಅವಳಿ ಉಪಯೋಗಕ್ಕೆ ಬಂದದ್ದು ಹೀಗೆ.

ಈಗ ನಮ್ಮ ಕಡೆಗೆ ಬರೋಣ. ನಾಟಿ ಹಸುವಿನ ಊರುಗಳಲ್ಲಿ ಈಗ ಅವಳಿ ಸುದ್ದಿ ಬರುವುದು ಯಾಕೆ? ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ 1939ರಲ್ಲಿ ಡಾ. ಸಂಪತ್ ಕುಮಾರನ್ ಎಂಬುವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯ ಹಾಕಿ 33 ಹಸು ಗಬ್ಬ ಕಟ್ಟಿಸಿದರು. ನಮ್ಮ ದೇಶದಲ್ಲಿ ಕೃತಕ ಗರ್ಭಧಾರಣೆ ಶುರುವಾದದ್ದೇ ಅಲ್ಲಿ. ಇದು ನಮ್ಮ ಕನ್ನಡ ನಾಡಿನ ಹೆಮ್ಮೆ, ಯಾಕೋ ನಮ್ಮವರು ಹೆಚ್ಚು ಹೇಳಿಕೊಳ್ಳುವುದಿಲ್ಲ. ಆಮೇಲೆ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಡೇರಿ ಬಂತು, 1965ರಲ್ಲಿ ಬೆಂಗಳೂರು ಡೇರಿ ಬಂತು. 1969ರಲ್ಲಿ ಹೆಸರಘಟ್ಟದಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ವೀರ್ಯ ಹೆಪ್ಪುಗಟ್ಟಿಸಿ ಇಡುವ ಕೇಂದ್ರವಾಯಿತು. ಹೋರಿ ಎಲ್ಲೋ, ಹಸು ಎಲ್ಲೋ, ನಡುವೆ ತಣ್ಣನೆಯ ನೈಟ್ರೋಜನ್ ಡಬ್ಬಿ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆಗೆಂದು ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಹುಟ್ಟಿ ಹಳ್ಳಿಹಳ್ಳಿಯಲ್ಲಿ ಸಂಘ ಕಟ್ಟುವ ಕೆಲಸ ನಡೆಯಿತು, 1984ರಲ್ಲಿ ಅದು ಹಾಲು ಮಹಾಮಂಡಳವಾಯಿತು. ಡೇರಿಗೆ ಹಾಲು ಬೇಕು, ಹಾಲಿಗೆ ಸೀಮೆ ಹಸು ಬೇಕು. ನಾಟಿ ಹಸುವಿನ ಹೊಟ್ಟೆಯಲ್ಲಿ ಕಪ್ಪು ಬಿಳುಪು ಕರು ಹುಟ್ಟತೊಡಗಿತು. ಅವಳಿ ಹಾಕುವ ಗುಣವೂ ಆ ರಕ್ತದ ಜೊತೆಯಲ್ಲೇ ಬಂದದ್ದು. ಹೋಲ್‌ಸ್ಟೀನ್ ತಳಿಯಲ್ಲಿ ಅವಳಿ ಹೆಚ್ಚು, ಜೆರ್ಸಿಯಲ್ಲಿ ಅದಕ್ಕಿಂತ ಕಮ್ಮಿ, ನಮ್ಮ ಗೂಬೆನ್ನಿನ ಹಸುಗಳಲ್ಲಿ ಎಲ್ಲಕ್ಕಿಂತ ಕಮ್ಮಿ.

ತಳಿ ಒಂದೇ ಕಾರಣವಾಗಿದ್ದರೆ ಅಮೆರಿಕದಲ್ಲಿ ಅವಳಿ ಲೆಕ್ಕ ಒಂದೇ ಸಮ ಇರಬೇಕಿತ್ತು, ಅಲ್ಲಿನ ಹಸು ಮೊದಲಿಂದಲೂ ಹೋಲ್‌ಸ್ಟೀನೇ ಹೆಚ್ಚು. ಹಾಗಿಲ್ಲ. 1983ರಿಂದ 1993ರ ಒಳಗೆ ಅಲ್ಲಿನ ಹಿಂಡುಗಳಲ್ಲಿ ಅವಳಿ ಹೆರಿಗೆ ನೂರಕ್ಕೆ 1.4 ಇದ್ದದ್ದು 2.4ಕ್ಕೆ ಏರಿತ್ತು. ಕಾರಣ ಹುಡುಕಿ 1998ರಲ್ಲಿ ವರದಿ ಬರೆದವರು ಎಲ್ಲಕ್ಕಿಂತ ದೊಡ್ಡ ಕಾರಣ ಹಸುವಿನ ಹಾಲಿನ ಪ್ರಮಾಣ ಅಂದರು. ಆಮೇಲೆ ಮಿನ್ನೆಸೋಟ ರಾಜ್ಯದ 23 ಲಕ್ಷ ಹೆರಿಗೆಗಳ ದಾಖಲೆ ತೆಗೆದು ನೋಡಿದಾಗ 1996ರಲ್ಲಿ ನೂರಕ್ಕೆ 3.4 ಇದ್ದದ್ದು 2004ಕ್ಕೆ 4.8 ಆಗಿತ್ತು. ಚೊಚ್ಚಲ ಹೆರಿಗೆಯಲ್ಲಿ 1.2 ಮಾತ್ರ, ಆಮೇಲಿನ ಸೂಲುಗಳಲ್ಲಿ 5.8. ಅಲ್ಲಿನ ಹಸು 1950ರಲ್ಲಿ ವರ್ಷಕ್ಕೆ ಸರಾಸರಿ ಸುಮಾರು 2,400 ಕಿಲೋ ಹಾಲು ಕೊಡುತ್ತಿತ್ತು, ಈಗ ಕೊಡುವುದು ಸುಮಾರು 10,900 ಕಿಲೋ. ಹಾಲು ಏರಿದ ಹಾಗೆ ಅವಳಿಯೂ ಏರಿದೆ.

ಹಾಲಿಗೂ ಅವಳಿಗೂ ಏನು ಸಂಬಂಧ, ಕೆಚ್ಚಲು ಎಲ್ಲಿ ಅಂಡಾಶಯ ಎಲ್ಲಿ? ಇದನ್ನು ಬಿಡಿಸಿದ್ದು ಮತ್ತೆ ಅದೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ, ಓವೆನ್ ಬರೆದು ಐವತ್ತು ವರ್ಷ ಕಳೆದ ಮೇಲೆ. ಅಲ್ಲಿನ ಪಾಲ್ ಫ್ರಿಕ್ ಮತ್ತು ಮೈಲೋ ವಿಲ್ಟ್‌ಬ್ಯಾಂಕ್ ಎಂಬಿಬ್ಬರು ಸ್ಕ್ಯಾನ್ ಯಂತ್ರದಿಂದ ಹಸುಗಳ ಅಂಡಾಶಯ ನೋಡಿದರು. ದಿನಕ್ಕೆ ಸುಮಾರು 40 ಕಿಲೋಗಿಂತ ಹೆಚ್ಚು ಹಾಲು ಕೊಡುವ ನೂರು ಹಸುಗಳಲ್ಲಿ 20 ಹಸು ಒಂದು ಬೆದೆಗೆ ಎರಡು ಅಂಡಾಣು ಬಿಡುತ್ತಿದ್ದವು. ಅದಕ್ಕಿಂತ ಕಮ್ಮಿ ಕೊಡುವವುಗಳಲ್ಲಿ 7 ಮಾತ್ರ. ಇದು 1999ರ ಮಾತು. 2005ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ 50 ಕಿಲೋ ದಾಟಿದ ಹಸುಗಳಲ್ಲಿ ಅರ್ಧದಷ್ಟು ಎರಡು ಅಂಡಾಣು ಬಿಟ್ಟವು.

ಕಾರಣವನ್ನು ನಮ್ಮ ಡಾಕ್ಟರು ಹೀಗೆ ಬಿಡಿಸಿ ಹೇಳಿದರು. ಹೆಚ್ಚು ಹಾಲು ಕೊಡುವ ಹಸು ಹೆಚ್ಚು ತಿನ್ನಬೇಕು. ಹೆಚ್ಚು ತಿಂದರೆ ಲಿವರ್‌ಗೆ ಹರಿಯುವ ರಕ್ತ ಹೆಚ್ಚುತ್ತದೆ. ಬೆದೆ, ಗರ್ಭ ನೋಡಿಕೊಳ್ಳುವ ಹಾರ್ಮೋನುಗಳನ್ನು ಕರಗಿಸಿ ಹೊರಗೆ ಹಾಕುವುದು ಲಿವರ್‌ನ ಕೆಲಸ. ರಕ್ತ ಜೋರಾಗಿ ಹರಿದಷ್ಟೂ ಹಾರ್ಮೋನು ಬೇಗ ಖಾಲಿ. ಸಾಮಾನ್ಯವಾಗಿ ಅಂಡಾಶಯದಲ್ಲಿ ಒಂದು ಗುಳ್ಳೆ ಮುಂದಾಗಿ ಬೆಳೆದು ಉಳಿದವನ್ನು ತಡೆಯುತ್ತದೆ. ಮನೆಯಲ್ಲಿ ಯಜಮಾನನ ಗದರಿಕೆಗೆ ಉಳಿದವರು ಸುಮ್ಮನಿರುವಂತೆ ಅನ್ನಿ. ಹಾರ್ಮೋನು ಕಮ್ಮಿಯಾದಾಗ ಆ ಗದರಿಕೆ ಕೇಳಿಸುವುದಿಲ್ಲ, ಎರಡು ಗುಳ್ಳೆ ಒಟ್ಟಿಗೆ ಬೆಳೆಯುತ್ತವೆ, ಎರಡು ಅಂಡಾಣು ಬೀಳುತ್ತವೆ. ಎರಡು ಬಿದ್ದದ್ದೆಲ್ಲ ಅವಳಿಯಾಗುವುದಿಲ್ಲ, ಒಂದು ಅಥವಾ ಎರಡೂ ಹೊಟ್ಟೆಯಲ್ಲೇ ಕರಗಿ ಹೋಗುವುದೂ ಉಂಟು.

ಅಂದರೆ ಹಾಲು ಮೊದಲು, ಅವಳಿ ಆಮೇಲೆ. ಅವಳಿ ಹಾಕಿದ ಹಸು ಆ ಸೂಲಿನಲ್ಲಿ ಚೆನ್ನಾಗಿ ಕರೆದರೆ ಅದು ಗಬ್ಬ ಕಟ್ಟುವ ಮುಂಚೆಯೇ ಚೆನ್ನಾಗಿ ಕರೆಯುತ್ತಿದ್ದ ಹಸು. ನಮ್ಮ ದೇಶದ ಮಿಶ್ರತಳಿ ಹಸುವಿನ ಸರಾಸರಿ ದಿನಕ್ಕೆ ಸುಮಾರು 8 ಕಿಲೋ ಇದ್ದರೂ, ನಮ್ಮ ಸಂಘದಲ್ಲಿ ಇಪ್ಪತ್ತು ಇಪ್ಪತ್ತೈದು ಲೀಟರ್ ಕರೆಯುವ ಹಸುಗಳನ್ನು ಈಗ ಯಾರೂ ತಿರುಗಿ ನೋಡುವುದಿಲ್ಲ. ಒಳ್ಳೆಯ ವೀರ್ಯ, ಸೈಲೇಜು, ಹಾಲು ಕರೆಯುವ ಮಿಷನ್ನು ಎಲ್ಲ ಬಂದಿವೆ. ಆದ್ದರಿಂದ ಅವಳಿ ಮುಂದೆ ಕಮ್ಮಿಯಾಗುವುದಿಲ್ಲ, ಹೆಚ್ಚಾಗುತ್ತದೆ ಎಂದೇ ನಮ್ಮ ಅಂದಾಜು.

ಬೇಕೆಂದೇ ಅವಳಿ ತೆಗೆದವರೂ ಇದ್ದಾರೆ. ಅಮೆರಿಕದ ನೆಬ್ರಾಸ್ಕಾದ ಕ್ಲೇ ಸೆಂಟರ್‌ನಲ್ಲಿ ಸರ್ಕಾರಿ ಸಂಶೋಧನಾ ಕೇಂದ್ರದವರು 1981ರಲ್ಲಿ ಶುರುಮಾಡಿ, ಅವಳಿ ಹಾಕುವ ಹಸುಗಳ ಸಂತತಿಯನ್ನೇ ಆರಿಸಿ ಬೆಳೆಸಿ, ಇಪ್ಪತ್ತೈದು ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಹೆರಿಗೆ ಅವಳಿಯಾಗುವ ಹಿಂಡು ಮಾಡಿದರು. ಅವು ಮಾಂಸದ ದನ, ಎರಡು ಕರುವಿದ್ದರೆ ಎರಡು ಕರುವಿನ ತೂಕ. ಹಾಲಿನವರಿಗೆ ಆ ಲೆಕ್ಕ ಹೊಂದುವುದಿಲ್ಲ. ಅವಳಿ ಹಾಕಿದ ಹಸು ದಿನಕ್ಕೆ ಮುಂಚೆ ಈಯುತ್ತದೆ, ಕಸ ನಿಲ್ಲುವುದು ಹೆಚ್ಚು, ಕೀಟೋಸಿಸ್ ಹೆಚ್ಚು, ಮತ್ತೆ ಗಬ್ಬ ನಿಲ್ಲುವುದು ತಡ. ಕರುಗಳು ಸಣ್ಣವು, ಸಾಯುವುದೂ ಹೆಚ್ಚು.

ಹೆಣ್ಣುಗರುವಿನ ಲೆಕ್ಕವನ್ನು ನಮ್ಮ ಅಂಗಳದ ಲೆಕ್ಕದಲ್ಲಿ ಹೇಳುತ್ತೇವೆ. ನಾಲ್ಕು ಹಸು ಅವಳಿ ಹಾಕಿದರೆ ಸುಮಾರಿಗೆ ಒಂದು ಜೋಡಿ ಎರಡೂ ಹೋರಿ, ಒಂದು ಜೋಡಿ ಎರಡೂ ಹೆಣ್ಣು, ಎರಡು ಜೋಡಿ ಒಂದು ಹೋರಿ ಒಂದು ಹೆಣ್ಣು. ಒಟ್ಟು ಹೆಣ್ಣು ನಾಲ್ಕು, ಅದರಲ್ಲಿ ಎರಡು ಹೋರಿಯ ಜೊತೆ ಹುಟ್ಟಿದವು. ಆ ಎರಡೂ ಗೊಡ್ಡು ಅಂತಲೇ ತಿಳಿಯಬೇಕು. ಎರಡೂ ಹೆಣ್ಣಾದ ಜೋಡಿಗೆ ಏನೂ ಭಯವಿಲ್ಲ, ಸಂತೋಷವಾಗಿ ಸಾಕಿ. ಎರಡೂ ಹೋರಿಯಾದರೂ ಈ ದೋಷವಿಲ್ಲ. ಇತ್ತೀಚೆಗೆ ಹೆಣ್ಣುಗರುವೇ ಹೆಚ್ಚು ಹುಟ್ಟುವ, ಲಿಂಗ ಬೇರ್ಪಡಿಸಿದ ವೀರ್ಯ ಸಿಗುತ್ತಿದೆ. ಅದನ್ನು ಹಾಕಿಸಿದಾಗ ಅವಳಿಯಾದರೂ ಎರಡೂ ಹೆಣ್ಣಾಗುವ ಸಂಭವವೇ ಹೆಚ್ಚು. ಇನ್ನೊಂದು ಎಚ್ಚರ: ಹೊಟ್ಟೆಯಲ್ಲಿ ಎರಡು ಇದ್ದು ಹೋರಿಗರು ಮೊದಲೇ ಸತ್ತು ಕರಗಿಹೋದರೆ, ಒಂಟಿಯಾಗಿ ಹುಟ್ಟಿದ ಹೆಣ್ಣೂ ಗೊಡ್ಡಾಗಿರಬಹುದು. ಅಪರೂಪ, ಆದರೆ ಇದೆ.

ಗೊಡ್ಡು ಹೌದೋ ಅಲ್ಲವೋ ತಿಳಿಯಲು ಮೂರು ವರ್ಷ ಹಿಂಡಿ ಹಾಕಿ ಕಾಯಬೇಕಾಗಿಲ್ಲ. ಒಂದು ತಿಂಗಳ ಕರುವಿನಲ್ಲಿ ಡಾಕ್ಟರು ಸಣ್ಣ ಗಾಜಿನ ಕೊಳವೆಯಿಂದ ಯೋನಿಮಾರ್ಗದ ಉದ್ದ ಅಳೆದು ನೋಡುತ್ತಾರೆ. ಸರಿಯಿದ್ದ ಕರುವಿಗೆ 12ರಿಂದ 15 ಸೆಂಟಿಮೀಟರ್, ಗೊಡ್ಡುಗರುವಿಗೆ 5ರಿಂದ 8 ಅಷ್ಟೇ ಇರುತ್ತದೆ. ಬೇಕಾದರೆ ರಕ್ತಪರೀಕ್ಷೆಯೂ ಇದೆ. ದಯವಿಟ್ಟು ಯಾರೂ ಕಡ್ಡಿ ಪೆನ್ಸಿಲ್ ಹಿಡಿದು ತಾವೇ ಪರೀಕ್ಷೆ ಮಾಡಲು ಹೋಗಬೇಡಿ. ಹಾಗೆ ಮಾಡಿ ಕರುವಿಗೆ ಗಾಯ ಮಾಡಿದ್ದನ್ನು ನೋಡಿದ್ದೇವೆ.

ಸಂಘದಲ್ಲಿ ಈ ವಿಷಯ ಎರಡು ಸಲ ಚರ್ಚೆಯಾಗಿದೆ. ಈಗ ಹಸು ಕರುಗಳ ಕಿವಿಗೆ ಹನ್ನೆರಡು ಅಂಕಿಯ ಓಲೆ ಹಾಕುತ್ತಾರೆ. ನಮ್ಮ ಸದಸ್ಯರ ಮನೆಯಲ್ಲಿ ಅವಳಿ ಹುಟ್ಟಿದರೆ ಕಾರ್ಯದರ್ಶಿಗಳು ಆ ನಂಬರಿನ ಮುಂದೆ "ಹೋರಿ ಜೊತೆ" ಅಥವಾ "ಹೆಣ್ಣು ಜೊತೆ" ಎಂದು ಡೇರಿ ಪುಸ್ತಕದಲ್ಲಿ ಬರೆದಿಡಬೇಕು, ಕಡಸು ಮಾರುವಾಗ ಕೊಳ್ಳುವವರು ಕೇಳಿದರೆ ತೋರಿಸಬೇಕು ಎಂದು ನಾವು ಒತ್ತಾಯ ಮಾಡಿದ್ದೇವೆ. ಕೆಲವರು "ನಮ್ಮ ಮಾಲಿಗೆ ನಾವೇ ಕಲ್ಲು ಹಾಕ್ಕೊಂಡಂಗೆ" ಅಂತ ಒಪ್ಪಲಿಲ್ಲ. ಆ ಮಾತಿನಲ್ಲಿ ಅವರ ಕಷ್ಟವೂ ಇದೆ, ಗೊಡ್ಡು ಕಡಸನ್ನು ಇಟ್ಟುಕೊಂಡು ಯಾರು ಹುಲ್ಲು ಹಾಕ್ತಾರೆ? ಆದರೆ ಜಾತ್ರೆಯಲ್ಲಿ ಹಾಗೆ ಕೊಂಡು ಮೋಸಹೋದವರು ನಮ್ಮ ಊರಿನಲ್ಲೂ ಇದ್ದಾರೆ. ಮುಂದಿನ ಸರ್ವಸದಸ್ಯರ ಸಭೆಗೆ ಈ ವಿಷಯ ಮತ್ತೆ ಬರುತ್ತದೆ. ಆಗ ಅಂಗಳಕ್ಕೆ ಬಂದು ನೀರು ಕುಡಿದು ಹೋದ ಅಕ್ಕನ ಮಾತು ಹೇಳೋಣ ಅಂತಿದ್ದೇವೆ. ಅವರ ಒಪ್ಪಿಗೆ ಕೇಳಿದ್ದಾಗಿದೆ. ಅಪ್ಪ ಕಟ್ಟಿ ಬಂದ ಆ ಕರುವಿನ ಪೀಳಿಗೆಯ ಹಾಲು ಈಗಲೂ ಅವರ ಊರಿನ ಡೇರಿಗೆ ಬೀಳುತ್ತಿದೆ.

ಈ ಲೇಖನ ಅಚ್ಚಿಗೆ ಕೊಡುವ ಹೊತ್ತಿಗೆ ನಮ್ಮ ಕೊಟ್ಟಿಗೆಯಲ್ಲಿ ಐದು ತಿಂಗಳ ಗಬ್ಬದ ಹಸು ಒಂದಿದೆ. ಅದೂ ನಾಲ್ಕನೇ ಸೂಲಿಗೆ, ಇಪ್ಪತ್ತನಾಲ್ಕು ಲೀಟರ್ ಕರೆದ ಹಸು. ಎರಡು ತಿಂಗಳಿದ್ದಾಗ ಸ್ಕ್ಯಾನ್ ಮಾಡಿದ ಡಾಕ್ಟರು ಒಳಗೆ ಎರಡು ಕಾಣ್ತಾವೆ ಅಂದಿದ್ದಾರೆ. ಹಾಲು ಸ್ವಲ್ಪ ಮುಂಚೆಯೇ ಬತ್ತಿಸಿ, ಕೊನೆಯ ಎರಡು ತಿಂಗಳು ಮೇವು ಹೆಚ್ಚಿಸಿ, ದಿನ ಬರುವ ಹತ್ತು ದಿನ ಮೊದಲಿಂದಲೇ ರಾತ್ರಿ ಕಾಯಬೇಕು ಅಂತಲೂ ಹೇಳಿದ್ದಾರೆ. ಈ ಸಲ ಗಿಣ್ಣು ಬೀದಿಗೆ ಹಂಚುವುದಿಲ್ಲ, ಯಾರೂ ಬೇಸರ ಮಾಡಿಕೊಳ್ಳಬಾರದು. ಹುಟ್ಟಿದ್ದು ಯಾವ ಜೋಡಿ ಅಂತ ಡೇರಿ ಬೋರ್ಡಿನಲ್ಲಿ ಬರೆಸುತ್ತೇವೆ.